ರಸ್ತೆಗೆ ಬೆನ್ನು ಮಾಡಿದ ತಂಗುದಾಣ

ಹುಣಸೂರಿನಿಂದ ಹನಗೋಡಿನ ಕಡೆ ಹೋಗುವ ದಾರಿಯಲ್ಲಿ ಬೂರುಗದ ಗೇಟ್ ಎಂಬ ನಿಲ್ದಾಣವಿದೆ. ಅಲ್ಲಿ ಬೂರುಗದ ಮರವೂ ಇಲ್ಲ, ಗೇಟೂ ಇಲ್ಲ. ಮುಖ್ಯರಸ್ತೆಯಿಂದ ಊರೊಳಕ್ಕೆ ಒಂದು ಕವಲು ಒಡೆದರೆ ಸಾಕು, ನಮ್ಮ ಕಡೆಯವರು ಅದಕ್ಕೆ ಗೇಟ್ ಅಂದುಬಿಡುತ್ತಾರೆ. ಅಲ್ಲಿ ನಿಜಕ್ಕೂ ಇರುವುದು ಒಂದು ಬಸ್ ತಂಗುದಾಣ. ಮೊದಲ ಸಲ ನೋಡುವವರು ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಇನ್ನೊಮ್ಮೆ ನೋಡುತ್ತಾರೆ. ಮೂರು ಕಡೆ ಗೋಡೆ, ಒಂದು ಕಡೆ ಬಯಲು. ಎಲ್ಲ ತಂಗುದಾಣಗಳೂ ಹಾಗೇ ಇರುತ್ತವೆ, ಸರಿ. ಆದರೆ ಇದರಲ್ಲಿ ಬಯಲಿರುವ ಕಡೆ ರಸ್ತೆಯಿಲ್ಲ. ಒಳಗಿನ ಕಲ್ಲುಬೆಂಚಿನ ಮೇಲೆ ಕೂತವರಿಗೆ ಕಾಣುವುದು ಹೊಗೆಸೊಪ್ಪಿನ ಹೊಲ, ಅದರಾಚೆ ಸೊಪ್ಪು ಬೇಯಿಸುವ ಬ್ಯಾರನ್, ಅದರಾಚೆ ಆಕಾಶ. ಬಸ್ಸು ಬರುವುದು ಬೆನ್ನ ಹಿಂದೆ.

ಇದನ್ನು ಕಟ್ಟಿಸಿದವರು ನಮ್ಮ ಮಾಜಿ ಶಾಸಕರು, ಈಗ ದಿವಂಗತರಾದ ಕುಳ್ಳಯ್ಯನವರು. ಹೆಸರು ಕುಳ್ಳಯ್ಯ, ಆಳು ಯಾರ ಮನೆಗೆ ಹೋದರೂ ಬಾಗಿಲಲ್ಲಿ ತಲೆ ತಗ್ಗಿಸಬೇಕಾದಷ್ಟು ಎತ್ತರ. ಹೀಗೆ ತಗ್ಗಿಸಿ ತಗ್ಗಿಸಿ ಅವರಿಗೆ ವಿನಯವಂತರೆಂಬ ಹೆಸರು ಬಂತೆಂದೂ, ಅದೇ ಹೆಸರು ಅವರನ್ನು ಶಾಸಕರನ್ನಾಗಿ ಮಾಡಿತೆಂದೂ ಹೇಳುವವರಿದ್ದಾರೆ. ನಿಜ ಸಂಗತಿ ಬೇರೆ. ಆ ಚುನಾವಣೆಯಲ್ಲಿ ಪಕ್ಷದ ಇಬ್ಬರು ದೊಡ್ಡ ಮುಖಂಡರಲ್ಲಿ ಒಬ್ಬರ ಕಡೆಯವರಿಗೆ ಟಿಕೆಟ್ ಸಿಗದಂತೆ ಇನ್ನೊಬ್ಬರು ನೋಡಿಕೊಂಡರು. ಕೊನೆಗೆ ಇಬ್ಬರಿಗೂ ಬೇಕಾಗಿಲ್ಲದ ಮನುಷ್ಯ ಯಾರಾದರೂ ಇದ್ದಾರೆಯೇ ಎಂದು ಹುಡುಕಿದಾಗ, ತಮ್ಮ ಹೊಲದ ಬದುವಿನ ಮೇಲೆ ಕೂತು ಹೊಗೆಸೊಪ್ಪು ವಿಂಗಡಿಸುತ್ತಿದ್ದ ಕುಳ್ಳಯ್ಯ ಸಿಕ್ಕರು. ಇಬ್ಬರಿಗೂ ಬೇಡವಾದವರು ಜನಕ್ಕೆ ಬೇಕಾದರು. ಗೆದ್ದುಬಿಟ್ಟರು.

ಗೆದ್ದ ಮೇಲೆ ಅವರ ನಡಿಗೆ ಸ್ವಲ್ಪ ನಿಧಾನವಾಯಿತು. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು ಶುರುವಾಯಿತು. ‘ನಾನು’ ಇದ್ದ ಕಡೆಯಲ್ಲೆಲ್ಲ ‘ನಾವು’ ಬಂದು ಕೂತಿತು. ಅವರ ಪತ್ನಿ ಸುನಂದಮ್ಮ ಇದನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ಒಂದು ದಿನ ಊಟಕ್ಕೆ ಕೂತವರು, “ನಮಗೆ ಮಜ್ಜಿಗೆ ಬೇಡ” ಅಂದರಂತೆ. ಅಡುಗೆಯಾಕೆ ಮಜ್ಜಿಗೆಯ ಪಾತ್ರೆಯನ್ನೇ ಎತ್ತಿ ಒಳಗಿಟ್ಟಳು. ಅಂದು ಮನೆಮಂದಿಯಲ್ಲಿ ಯಾರ ತಟ್ಟೆಗೂ ಮಜ್ಜಿಗೆ ಬೀಳಲಿಲ್ಲ.

ವಿಧಾನಸಭೆಯಲ್ಲಿ ಅವರು ಎದ್ದು ಮಾತಾಡಿದ್ದು ಒಂದೇ ಒಂದು ಸಲ. ವೀರನಹೊಸಹಳ್ಳಿ ಕಡೆಗೆ ಇನ್ನೊಂದು ಬಸ್ಸು ಬಿಡಬೇಕು ಎಂಬುದು ವಿಷಯ. ಕಾಡಂಚಿನ ಜನ, ಆನೆ, ಶಾಲೆ, ಬಸುರಿಯರು, ಎಲ್ಲವನ್ನೂ ಮನಮುಟ್ಟುವಂತೆ ಹೇಳಿ ಕೂತರು. ಪಕ್ಕದವರು ಬಗ್ಗಿ, “ಚೆನ್ನಾಗಿ ಮಾತಾಡಿದ್ರಿ ಕುಳ್ಳಯ್ಯನವರೇ, ಮೈಕ್ ಆನ್ ಮಾಡ್ಕೊಂಡು ಇನ್ನೊಂದ್ಸಲ ಹೇಳಿ” ಅಂದರು. ಅಷ್ಟರಲ್ಲಿ ಬೇರೆ ವಿಷಯ ಬಂದಿತ್ತು.

ತಂಗುದಾಣದ ಕಥೆ ಆ ಕಾಲದ್ದು. ಶಾಸಕರ ಅನುದಾನದಲ್ಲಿ ಬೂರುಗದ ಗೇಟಿಗೆ ಒಂದು ತಂಗುದಾಣ ಮಂಜೂರಾಯಿತು. ಜಾಗ ರಸ್ತೆಯ ಪೂರ್ವಕ್ಕೆ. ಅಂದರೆ ಅದರ ಬಾಯಿ ಪಶ್ಚಿಮಕ್ಕೆ, ರಸ್ತೆ ಕಡೆಗೆ ಇರಬೇಕು. ಗುದ್ದಲಿ ಪೂಜೆಯ ದಿನ ವಾಸ್ತು ಹೇಳುವ ಚನ್ನಬಸವಣ್ಣ ದಿಕ್ಸೂಚಿ ಹಿಡಿದು ಬಂದ. ಪಿರಿಯಾಪಟ್ಟಣದಲ್ಲಿ ಎಷ್ಟೋ ಮನೆಗಳ ಬಾಗಿಲು ಮುಚ್ಚಿಸಿ ಗೋಡೆ ಒಡೆಸಿದ ಅನುಭವಸ್ಥ. ಜಾಗದ ಮಧ್ಯೆ ನಿಂತು ಅತ್ತ ಇತ್ತ ತಿರುಗಿ ತಲೆ ಅಲ್ಲಾಡಿಸಿದ.

“ಸಾಹೇಬ್ರೆ, ಪಡುವಲಕ್ಕೆ ಬಾಯಿ ಇಟ್ರೆ ಕಟ್ಟಿಸಿದೋರ ಕುರ್ಚಿ ನಿಲ್ಲಾಕಿಲ್ಲ.”

“ಬಸ್ ಆ ಕಡೆ ಬರೋದು ಕಣಯ್ಯಾ” ಅಂದರು ಕುಳ್ಳಯ್ಯ.

“ಬಸ್ಸು ದಿನಾ ಬತ್ತದೆ. ಕುರ್ಚಿ ದಿನಾ ಬತ್ತದಾ?”

ಕುಳ್ಳಯ್ಯನವರು ಗಂಟಲು ಸರಿಮಾಡಿಕೊಂಡರು. ಸ್ವಲ್ಪ ಹೊತ್ತು ಯೋಚಿಸಿದವರಂತೆ ಕಂಡರು. ಆಮೇಲೆ, “ನಮ್ಮ ಅಭಿಪ್ರಾಯವೂ ಅದೇ” ಅಂದರು. ಹೀಗೆ ತಂಗುದಾಣ ಪೂರ್ವಕ್ಕೆ ಮುಖ ಮಾಡಿತು.

ಸುಣ್ಣ ಒಣಗುವ ಮುಂಚೆಯೇ ಬೆಂಗಳೂರಿನಲ್ಲಿ ಸರ್ಕಾರ ಬಿದ್ದು ವಿಧಾನಸಭೆ ವಿಸರ್ಜನೆಯಾಯಿತು. ಕುರ್ಚಿ ಹೋಯಿತು. ಉದ್ಘಾಟನೆಯ ಕಲ್ಲಿನ ಮೇಲೆ ‘ಶಾಸಕರಾದ ಶ್ರೀ ಕುಳ್ಳಯ್ಯನವರು’ ಎಂದು ಮೊದಲೇ ಕೆತ್ತಿಸಿಯಾಗಿತ್ತು. ಕಲ್ಲು ಹಾಳಾಗಬಾರದೆಂದು ಕೆತ್ತುವವನು ‘ಶಾಸಕ’ದ ಹಿಂದೆ ಇದ್ದ ಇಕ್ಕಟ್ಟಿನಲ್ಲೇ ‘ಮಾಜಿ’ ಎಂದು ಸಣ್ಣಗೆ ತುರುಕಿಕೊಟ್ಟ. ದೂರದಿಂದ ನೋಡಿದರೆ ಅದು ಅಕ್ಷರದ ಹಾಗೆ ಕಾಣುವುದಿಲ್ಲ, ಕಲ್ಲಿಗೆ ಇರುವೆ ಹತ್ತಿದ ಹಾಗೆ ಕಾಣುತ್ತದೆ. ಮುಂದಿನ ಚುನಾವಣೆಯ ಹೊತ್ತಿಗೆ ಆ ಇಬ್ಬರು ಮುಖಂಡರು ರಾಜಿಯಾಗಿದ್ದರು. ಇಬ್ಬರಿಗೂ ಬೇಡದ ಮನುಷ್ಯ ಯಾರಿಗೂ ಬೇಕಾಗಲಿಲ್ಲ.

ಕುಳ್ಳಯ್ಯನವರು ಮತ್ತೆ ಹೊಲದ ಬದುವಿಗೆ ಮರಳಿದರು. ನಮ್ಮ ಜನ ಮಾತ್ರ ಪದವಿಯನ್ನು ಪೂರ್ತಿ ಕಿತ್ತುಕೊಳ್ಳುವಷ್ಟು ನಿರ್ದಯರಲ್ಲ. ಹಾಲಿ ಹೋದರೆ ಮಾಜಿ ಕೊಡುತ್ತಾರೆ. ‘ಮಾಜಿ ಶಾಸಕರು’ ಅನ್ನುವುದು ಕ್ರಮೇಣ ‘ಮಾಜಿ ಸಾಹೇಬ್ರು’ ಆಗಿ, ಕೊನೆಗೆ ‘ಮಾಜಣ್ಣ’ ಆಯಿತು. ಮಕ್ಕಳಂತೂ ಅದೇ ಅವರ ಹೆಸರೆಂದು ತಿಳಿದಿದ್ದವು.

ಒಂದು ಬೆಳಿಗ್ಗೆ ಮಾಜಣ್ಣ ಹೊಲಕ್ಕೆ ಹೊರಟು ಗೇಟಿನ ಹತ್ತಿರ ಬಂದಾಗ ಹುಣಸೂರಿನ ಬಸ್ಸು ನಿಲ್ಲದೆ ಹೋಯಿತು. ಬಸ್ಸು ಹೋದ ಮೇಲೆ ತಂಗುದಾಣದ ಹಿಂದಿನಿಂದ, ಅಲ್ಲ, ಮುಂದಿನಿಂದ, ಒಂದು ಹೆಂಗಸು ಮಗುವನ್ನು ಎತ್ತಿಕೊಂಡು ಓಡಿಬಂದಳು. ಸೊಪ್ಪಿನ ಕೆಲಸಕ್ಕೆ ಕೂಲಿ ಹೋಗುತ್ತಿದ್ದ ಮರಮ್ಮ. ಮಗುವಿಗೆ ಜ್ವರ, ಆಸ್ಪತ್ರೆಗೆ ಹೊರಟಿದ್ದಳು.

“ಯಾಕೆ ಮರವ್ವ, ಬಸ್ಸು ಬಂದಾಗ ಎದ್ದು ಬರನಿಲ್ವಾ?” ಎಂದು ಮಾಜಣ್ಣ ಕೇಳಿದರು.

“ಬಸ್ಸಾ? ಎಲ್ ಕಾಣ್ತದೆ ಸಾಮಿ ಬಸ್ಸು? ನಮಗ್ ಕಾಣೋದು ಒಗೆಸೊಪ್ಪು.”

“ಡ್ರೈವರ್ ನಿಲ್ಲಿಸ್ಬೇಕಾಗಿತ್ತು.”

“ಬರೀ ಗ್ವಾಡೆ ನೋಡಿ ಯಾವ್ ಡ್ರೈವರ್ ನಿಲ್ಸಾನು? ನಿಮ್ ಕುರ್ಚಿ ಉಳೀಲಿ ಅಂತ ನಮ್ಮುನ್ನ ರಸ್ತೆಗ್ ಬೆನ್ ಮಾಡ್ಸಿ ಕೂರ್ಸುದ್ರಿ. ಕುರ್ಚಿ ಉಳೀತಾ? ಅದೂ ಓಯ್ತು, ನಮ್ ಬಸ್ಸೂ ಓಯ್ತು.”

ಇಷ್ಟು ಖಾರವಾದ ಮಾತನ್ನು ವಿರೋಧಪಕ್ಷದವರೂ ಅವರಿಗೆ ಆಡಿರಲಿಲ್ಲ. ಮಾಜಣ್ಣ ಗಂಟಲು ಸರಿಮಾಡಿಕೊಂಡರು. ಹೊಲದ ಕಡೆ ಹೋಗಲಿಲ್ಲ. ಗೋಡೆಯ ಮೂಲೆಗೆ ಒಂದು ಕೈ ಊರಿಕೊಂಡು ರಸ್ತೆ ನೋಡುತ್ತಾ ನಿಂತರು. ಮುಂದಿನ ಬಸ್ಸು ತಿರುವಿನಲ್ಲಿ ಕಾಣುತ್ತಲೇ ಕೈ ಎತ್ತಿ ನಿಲ್ಲಿಸಿ, ಮೂಲೆಯಿಂದ ತಲೆ ಒಳಹಾಕಿ ಕೂಗಿದರು: “ಹುಣಸೂರ್ ಬಂತು, ಬಾರವ್ವಾ!” ಮರಮ್ಮನ ಜೊತೆ ತಾವೂ ಹತ್ತಿ ಆಸ್ಪತ್ರೆಗೆ ಹೋದರು. ಮಗು ಹುಷಾರಾಯಿತು. ಆ ಮಗು ಈಗ ಎರಡು ಮಕ್ಕಳ ತಾಯಿ, ಎನ್. ಬೇಗೂರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ.

ಮಾರನೆಯ ದಿನ ಬೆಳಿಗ್ಗೆ ಮಾಜಣ್ಣ ಮತ್ತೆ ಅದೇ ಮೂಲೆಯಲ್ಲಿ ನಿಂತಿದ್ದರು. ಅದರ ಮಾರನೆಯ ದಿನವೂ.

ಗೋಡೆಗೆ ಒಂದು ಕಿಟಕಿ ಇಡಿಸಲು ಅವರು ಅಲೆಯಲಿಲ್ಲ ಅಂತಲ್ಲ. ಆದರೆ ಗೋಡೆ ಸರ್ಕಾರದ್ದು. ಸರ್ಕಾರದ ಗೋಡೆ ಒಡೆಯಬೇಕಾದರೆ ಅದು ಶಿಥಿಲವಾಗಿರಬೇಕು. ಅದು ಶಿಥಿಲವಾಗಿರಲಿಲ್ಲ. ಬಂದು ನೋಡಿದ ಇಂಜಿನಿಯರು, “ಇಷ್ಟು ಗಟ್ಟಿಯಾದ ಕಟ್ಟಡ ನಮ್ಮ ವಿಭಾಗದಲ್ಲಿ ಇನ್ನೊಂದಿಲ್ಲ ಸಾರ್, ನಿಮ್ಮ ಪ್ರಾಮಾಣಿಕತೆಗೆ ಇದೇ ಸಾಕ್ಷಿ” ಎಂದು ಹೊಗಳಿ ಹೋದರು. ಕಮಿಷನ್ ತಿನ್ನದೆ ಕಟ್ಟಿಸಿದ್ದರ ಫಲವನ್ನು ಮಾಜಣ್ಣ ಹೀಗೆ ಅನುಭವಿಸಿದರು.

ಕಿಟಕಿ ಬರಲಿಲ್ಲ. ಮನುಷ್ಯನೇ ಕಿಟಕಿಯಾದ. ಬೆಳಿಗ್ಗೆ ಕೆಲಸಕ್ಕೆ, ಶಾಲೆಗೆ, ಸಂತೆಗೆ ಹೋಗುವ ಹೊತ್ತು, ಸಂಜೆ ಬರುವ ಹೊತ್ತು, ಬಿಳಿ ಪಂಚೆ, ಹೆಗಲ ಮೇಲೆ ಟವಲು, ಒಂದು ಕೈ ಗೋಡೆಯ ಮೂಲೆಗೆ. “ಪಿರಿಯಾಪಟ್ಣ ಬಂತು, ಬನ್ರಪ್ಪಾ!” “ಕೋಟೆ ಬಂತು, ಬನ್ರವ್ವಾ! ನಿಧಾನ, ನಿಧಾನ, ಹೇಳಿದೀನಿ ಅವನಿಗೆ, ನಿಲ್ಲಿಸ್ತಾನೆ.” ವಿಧಾನಸಭೆಯಲ್ಲಿ ಮೈಕ್ ಇದ್ದೂ ಕೇಳದ ದನಿ ಇಲ್ಲಿ ಮೈಕಿಲ್ಲದೆ ಬ್ಯಾರನ್ನಿನವರೆಗೂ ಕೇಳುತ್ತಿತ್ತು. ಕೆ.ಆರ್. ನಗರದ ಬಸ್ಸು ಬಂದಾಗ ಮಾತ್ರ ಊರ ಹೆಸರು ಹೇಳುತ್ತಿರಲಿಲ್ಲ. ಸುನಂದಮ್ಮನ ತವರು ಆ ಕಡೆ, ನಾಲೆ ನೀರಿನ ಊರು. ಮಾಜಣ್ಣ ಟವಲು ಸರಿಮಾಡಿಕೊಂಡು, “ಮಾವನ ಮನೆ ಬಸ್ ಬಂತು, ಬನ್ರವ್ವಾ!” ಎಂದು ಕೂಗುತ್ತಿದ್ದರು. ಒಳಗಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾ ಹತ್ತುತ್ತಿದ್ದರು.

ಹೀಗೆ ನಿಂತ ಮನುಷ್ಯನ ಹತ್ತಿರ ಜನ ಸುಮ್ಮನೆ ನಿಲ್ಲುವುದಿಲ್ಲ. ಬಸ್ಸು ತಡವಾದರೆ ಕಷ್ಟ ಹೇಳಿಕೊಳ್ಳುತ್ತಾರೆ. ಶಾಸಕರಾಗಿದ್ದಾಗ ಅವರನ್ನು ಕಾಣಲು ಮೂರು ಜನರ ಕೈಕಾಲು ಹಿಡಿಯಬೇಕಿತ್ತು, ಈಗ ಬಸ್ ಸ್ಟಾಪಿಗೆ ಬಂದರೆ ಸಾಕಿತ್ತು. ವಿಧವೆಯ ಪಿಂಚಣಿ, ಪೋಡಿಯಾಗದ ಜಮೀನು, ಹಾಸ್ಟೆಲ್ ಸೀಟು, ಏನು ಹೇಳಿದರೂ ಕೊನೆಗೆ ಮಾಜಣ್ಣ, “ನಡಿ, ನಾನೂ ಬತ್ತೀನಿ” ಎಂದು ಅದೇ ಬಸ್ಸು ಹತ್ತುತ್ತಿದ್ದರು.

ವೀರನಹೊಸಹಳ್ಳಿಯ ಕನಕರಾಜುವಿನ ಬಾಳೆತೋಟಕ್ಕೆ ಆನೆ ನುಗ್ಗಿದಾಗ ಪರಿಹಾರ ಕೇಳಲು ಅವನ ಜೊತೆ ಅರಣ್ಯ ಇಲಾಖೆಯ ಕಚೇರಿಗೆ ಹೋದರು. ಅಲ್ಲಿ ಹೊಸದಾಗಿ ಬಂದಿದ್ದ ಅಧಿಕಾರಿ ತಲೆ ಎತ್ತದೆ, “ನೀವ್ಯಾರು?” ಅಂದರು.

“ಮಾಜಿ.”

“ಏನು ಮಾಜಿ?”

“ಏನೋ ಒಂದು ಮಾಜಿ ಬುಡಿ ಸಾರ್. ಇವನ ಬಾಳೆ ತಿಂದ ಆನೆ ಮಾತ್ರ ಹಾಲಿ. ನೆನ್ನೆನೂ ಬಂದಿತ್ತು.”

ಅಧಿಕಾರಿ ನಕ್ಕರು. ನಕ್ಕ ಅಧಿಕಾರಿ ಸಹಿ ಮಾಡದೆ ಕಳಿಸುವುದು ಕಷ್ಟ ಎಂಬುದು ಮಾಜಣ್ಣನವರು ಅಷ್ಟೂ ವರ್ಷಗಳಲ್ಲಿ ಕಂಡುಕೊಂಡ ಒಂದೇ ರಾಜಕೀಯ ಸತ್ಯ.

ಇದನ್ನೆಲ್ಲ ಸಹಿಸದೆ ಇದ್ದವರು ಒಬ್ಬರೇ, ಸುನಂದಮ್ಮ. ತವರಿನ ಮದುವೆ ಮುಂಜಿಗಳಲ್ಲಿ ಅವರನ್ನು ಪರಿಚಯಿಸುವಾಗ ಯಾರಾದರೂ, “ಇವರೇ ಕಣ್ರೀ, ರಸ್ತೆಗೆ ಬೆನ್ನು ಮಾಡಿ ಬಸ್ ಸ್ಟ್ಯಾಂಡ್ ಕಟ್ಟಿಸಿದ್ರಲ್ಲ, ಅವರ ಮನೆಯವರು” ಅನ್ನುತ್ತಿದ್ದರು. ಅತ್ತಿಗೆಯರು ಸಾರು ಬಡಿಸುವಾಗ, “ನಿಮ್ಮೆಜಮಾನ್ರು ಕಂಡಕ್ಟರ್ ಕೆಲ್ಸ ಮಾಡ್ತಾವ್ರಂತೆ, ಟಿಕೆಟ್ಟೂ ಹರೀತಾರಾ?” ಅನ್ನುತ್ತಿದ್ದರು. ಸುನಂದಮ್ಮ ಆ ತಂಗುದಾಣದೊಳಗೆ ಒಮ್ಮೆಯೂ ಕಾಲಿಡಲಿಲ್ಲ. ಬಸ್ಸಿಗೆ ಹೋಗಬೇಕಾದರೆ ಸುಡುಬಿಸಿಲಿನಲ್ಲೂ ರಸ್ತೆಯ ಆಚೆ ಬದಿ ಕೊಡೆ ಹಿಡಿದು ನಿಲ್ಲುತ್ತಿದ್ದರು. ಈಚೆ ಬದಿ ಗಂಡ ಕೂಗುತ್ತಿದ್ದರೆ ಕೊಡೆಯನ್ನು ಮುಖದ ಮುಂದಕ್ಕೆ ತಂದುಕೊಳ್ಳುತ್ತಿದ್ದರು.

“ಏನ್ರೀ, ಅದುನ್ನ ಕೆಡವ್ಸಿ ಅತ್ಲಾಗೆ. ಹೆಂಗಾರ ಮಾಡಿ ಕೆಡವ್ಸಿ. ನೀವು ಶಾಸಕರಾಗಿದ್ರಿ ಅನ್ನೋದು ಜನಕ್ಕೆ ಮರ್ತೋಗ್ಯದೆ. ಆ ಗ್ವಾಡೆ ಮಾತ್ರ ನೆಪ್ಪದೆ.”

“ಕೆಡವ್ಬುಟ್ರೆ ನಾನೆಲ್ಲಿ ನಿಂತ್ಕೊಳ್ಳಲಿ?” ಎಂದು ಮಾಜಣ್ಣ ಕೇಳುತ್ತಿದ್ದರು. ಅದು ತಮಾಷೆಯೆಂದು ಸುನಂದಮ್ಮ ತಿಳಿದಿದ್ದರು.

ಹೋದ ವರ್ಷ ಮಾಜಣ್ಣ ತೀರಿಕೊಂಡರು. ಮೈಸೂರಿನ ಆಸ್ಪತ್ರೆಯಿಂದ ದೇಹ ಬಂದದ್ದು ಅದೇ ರಸ್ತೆಯಲ್ಲಿ. ಸರ್ಕಾರಿ ಗೌರವಕ್ಕೆ ಅನುಮತಿ ಕೇಳಿದ್ದರು. ಅನುಮತಿ ಬಂತು, ಮಣ್ಣಾದ ಮಾರನೆಯ ದಿನ. ಆದರೆ ಗಾಡಿ ಗೇಟಿಗೆ ಬಂದಾಗ ಎದುರಿನಿಂದ ಬರುತ್ತಿದ್ದ ಕೋಟೆಯ ಬಸ್ಸು, ಯಾರೂ ಕೈ ತೋರಿಸದೆ, ತಾನಾಗಿ ನಿಂತಿತು. ಡ್ರೈವರು ಇಳಿದು ಟೋಪಿ ತೆಗೆದು ನಿಂತ. ಹಿಂದಿನ ಬಸ್ಸೂ ನಿಂತಿತು. ಇವರನ್ನು ಕಂಡು ವರ್ಷಾನುಗಟ್ಟಲೆ ಬ್ರೇಕ್ ಹಾಕಿದ್ದ ಕಾಲುಗಳು.

ಇನ್ನು ಮೇಲೆ ಸತ್ತವರ ಕಥೆಯಲ್ಲ, ಬದುಕಿರುವವರದು. ತಿಂಗಳು ಕಳೆಯುವುದರಲ್ಲಿ ‘ಕುಳ್ಳಯ್ಯನವರ ಸ್ಮಾರಕ ಸಮಿತಿ’ ಹುಟ್ಟಿತು. ಅಧ್ಯಕ್ಷರು ಕಂಟ್ರಾಕ್ಟರ್ ಶಿವಶಂಕರ್. ಬರೆಯುವವರು ಒಬ್ಬರಿರಲಿ ಎಂದು ನನ್ನನ್ನೂ ಸೇರಿಸಿಕೊಂಡರು. ನನ್ನ ಕೆಲಸ ಆಹ್ವಾನಪತ್ರಿಕೆಯಲ್ಲಿ ಎಲ್ಲರ ಹೆಸರಿನ ಹಿಂದೆ ಬೇರೆ ಬೇರೆ ಬಿರುದು ಹಾಕುವುದು. ವೇದಿಕೆಯ ಪಟ್ಟಿ ಉದ್ದವಾಗಿ ಬಿರುದುಗಳು ಖಾಲಿಯಾದಾಗ, ಕೊನೆಯವರಿಗೆ ‘ಸದಾ ಹಸನ್ಮುಖಿ’ ಎಂದು ಹಾಕಿದೆ. ಅವರು ಮುನಿಸಿಕೊಂಡರು. ಗೇಟಿನಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಶಿವಶಂಕರ್ ಭಾವಚಿತ್ರ ಎಷ್ಟು ದೊಡ್ಡದಿತ್ತೆಂದರೆ, ಪರ ಊರಿನವರು ಕೆಲವರು, “ಪಾಪ, ಇನ್ನೂ ವಯಸ್ಸಿತ್ತು” ಎಂದು ಕನಿಕರಪಟ್ಟು ಹೋದರು.

ಶಿವಶಂಕರ್ ಕೆಟ್ಟವರಲ್ಲ. ಅವರ ಯೋಜನೆ ಭರ್ಜರಿಯಾಗಿತ್ತು. ಹಳೆಯ ತಂಗುದಾಣ ಕೆಡವುವುದು. ಅದೇ ಜಾಗದಲ್ಲಿ ರಸ್ತೆಗೆ ಮುಖ ಮಾಡಿದ, ಸ್ಟೀಲಿನ ಹೊಸ ತಂಗುದಾಣ. ಬಸ್ಸು ಎಲ್ಲಿದೆ ಎಂದು ತೋರಿಸುವ ಬೋರ್ಡು. ಎದುರಿಗೆ ಮಾಜಣ್ಣನವರ ಪ್ರತಿಮೆ. ಈ ಸಲ ಸಮಿತಿಯ ಹೇಳಿಕೆಗೆ ಇಂಜಿನಿಯರೂ ತಲೆ ಬಾಗಿಸಿ, ಆ ಗಟ್ಟಿ ಗೋಡೆಯನ್ನು ಶಿಥಿಲವೆಂದು ಒಪ್ಪಿಕೊಂಡರು. ಉಳಿದದ್ದು ಮನೆಯವರ ಒಪ್ಪಿಗೆ ಮಾತ್ರ. ಮೊದಲ ಗುದ್ದಲಿ ಏಟು ಸುನಂದಮ್ಮನವರ ಕೈಯಿಂದಲೇ ಬೀಳಬೇಕೆಂದು ಸಮಿತಿ ತೀರ್ಮಾನಿಸಿತ್ತು.

ನಾವು ಕೇಳಲು ಹೋದಾಗ ಆಕೆ ನಮ್ಮನ್ನು ಕೂರಿಸುವ ಮುಂಚೆಯೇ ಒಪ್ಪಿಕೊಂಡರು. ಕಣ್ಣಲ್ಲಿ ನೀರಿತ್ತು.

“ಕೆಡವಿ ಕಣ್ರಪ್ಪಾ. ಪುಣ್ಯ ಬತ್ತದೆ. ಅವರು ಓಗಿದ್ದಾಯ್ತು, ಆ ಗ್ವಾಡೆ ಇರೋಗಂಟ ಅವರ ಎಸರು ಎತ್ತುದ್ರೆ ಜನ ಮೊದ್ಲು ನಗೋದೆಯ. ನಂಗೆ ಬೇರೇನೂ ಬ್ಯಾಡ. ಅವರೆಸರು ಹೇಳ್ದಾಗ ಯಾರೂ ನಗಬಾರ್ದು, ಅಷ್ಟೆಯ.” ಮತ್ತೆ ಹೇಳಿದರು: “ಹೊಸ ಕಲ್ಲಿನ ಮೇಲೆ ‘ಶಾಸಕರು’ ಅಂತ್ಲೇ ಕೆತ್ಸಿ. ಆ ಇರುವೆ ಸಾಲು ಬ್ಯಾಡ.”

ಹಾಗೇ ಕೆತ್ತಿಸುತ್ತೇವೆಂದು ಒಪ್ಪಿಕೊಂಡು ಬಂದೆವು.

ಗುದ್ದಲಿ ಪೂಜೆಯ ದಿನ ಶಾಮಿಯಾನ ಎದ್ದಿತು. ಜೆಸಿಬಿಗೆ ಚೆಂಡುಹೂವಿನ ಹಾರ ಬಿತ್ತು. ಗೋಣಿಯಲ್ಲಿ ಸುತ್ತಿದ ಪ್ರತಿಮೆ ಟೆಂಪೋದಲ್ಲಿ ಮಲಗಿತ್ತು. ಉದ್ಘಾಟಕರು ಬೆಳಿಗ್ಗೆಯೇ ಬರಬೇಕಾಗಿತ್ತು. ಉದ್ಘಾಟಕರಾದ್ದರಿಂದ ಬರಲಿಲ್ಲ. ಶಿವಶಂಕರ್ ಮೈಕಿನಲ್ಲಿ, “ಇನ್ನು ಕೆಲವೇ ಕ್ಷಣಗಳಲ್ಲಿ” ಎಂದು ಹೇಳುತ್ತಲೇ ಇದ್ದರು. ಮಾಮೂಲಿ ಬಸ್ಸಿಗೆ ಬಂದ ಹೆಂಗಸರು ಶಾಮಿಯಾನ ದಾಟಿ, ಎಂದಿನಂತೆ ತಂಗುದಾಣದೊಳಗೆ ಹೋಗಿ ಕೂತರು. ಸುನಂದಮ್ಮ ರೇಷ್ಮೆ ಸೀರೆ ಉಟ್ಟು, ಮುಂದಿನ ಸಾಲಿನ ಕುರ್ಚಿಯಲ್ಲಿ, ತಂಗುದಾಣದ ಕಡೆ ನೋಡದೆ ಕೂತಿದ್ದರು.

ಆಗ ನಾಗರಹೊಳೆ ಕಡೆಯಿಂದ ಮಳೆ ಬಂತು. ಪಶ್ಚಿಮದಿಂದ ಅಡ್ಡಡ್ಡಲಾಗಿ ಹೊಡೆಯುವ ಮಳೆ. ಶಾಮಿಯಾನ ಒಂದು ಸಲ ಹೊಟ್ಟೆ ಉಬ್ಬಿಸಿ, ಒಂದು ಕಡೆ ಕುಸಿಯಿತು. ಸಮಿತಿ, ಹಾರ, ಹಣ್ಣಿನ ಬುಟ್ಟಿ, ಮೈಕು ಎಲ್ಲವೂ ತಂಗುದಾಣದೊಳಕ್ಕೆ ನುಗ್ಗಿದವು. ಸುನಂದಮ್ಮ ಮಾತ್ರ ಕೊಡೆ ಬಿಚ್ಚಿ ಹೊರಗೇ ನಿಂತರು.

“ಬಾ ಸುನಂದವ್ವ ಒಳಕ್ಕೆ” ಎಂದು ಒಂದು ಮುದುಕಿ ಕೂಗಿದಳು. ಮರಮ್ಮ. ಮಗಳ ಮನೆಗೆಂದು ಕೋಟೆ ಬಸ್ಸು ಕಾಯುತ್ತಿದ್ದಳು.

“ಇರ್ಲಿ ಬುಡು ಮರವ್ವ.”

“ಏನಿರ್ಲಿ? ನಿನ್ ಗಂಡ ಕಟ್ಟುಸಿದ್ದು, ನಿಂಗೇ ನೆನೆಯೋ ಕರ್ಮ!” ಎಂದು ಮರಮ್ಮ ಎದ್ದುಬಂದು ಕೈ ಹಿಡಿದು ಎಳೆದುಕೊಂಡು ಹೋದಳು.

ಸುನಂದಮ್ಮ ಮೊದಲ ಸಲ ಆ ಕಲ್ಲುಬೆಂಚಿನ ಮೇಲೆ ಕೂತರು. ಒಂದು ಹನಿ ಮಳೆಯೂ ಒಳಗೆ ಬೀಳುತ್ತಿರಲಿಲ್ಲ. ಅಷ್ಟೂ ಮಳೆಯನ್ನು ಬೆನ್ನಿನ ಗೋಡೆ ಹೊರುತ್ತಿತ್ತು. ಬೆಂಚಿನ ತುದಿಯಲ್ಲಿ ಒಬ್ಬ ಚಿಕ್ಕವಯಸ್ಸಿನ ಹೆಂಗಸು ಹೊಲದ ಕಡೆ ಮುಖಮಾಡಿ, ಯಾರ ಕಣ್ಣಿನ ಹಂಗೂ ಇಲ್ಲದೆ ಮಗುವಿಗೆ ಹಾಲು ಕೊಡುತ್ತಿದ್ದಳು. ಇನ್ನಿಬ್ಬರು ಬುತ್ತಿ ಬಿಚ್ಚಿ ಮುದ್ದೆ ಮುರಿಯುತ್ತಿದ್ದರು. ಸಮಿತಿಯವರು ಬಂದು ತುಂಬಿಕೊಂಡದ್ದೇ ಆ ಜಾಗಕ್ಕೆ ಅಂದು ಆದ ಅಡಚಣೆ.

ಗೋಡೆಯಾಚೆ ಒಂದು ಬಸ್ಸಿನ ಸದ್ದು ಕೇಳಿತು. ಯಾರೂ ಏಳಲಿಲ್ಲ. ಬದಲಿಗೆ ಒಳಗಿದ್ದ ಅಷ್ಟೂ ಹೆಂಗಸರು ಒಟ್ಟಿಗೆ ಎಡಗಡೆಗೆ, ಗೋಡೆಯ ಮೂಲೆಯ ಕಡೆಗೆ ಕತ್ತು ತಿರುಗಿಸಿದರು. ಸುನಂದಮ್ಮನೂ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಸುಣ್ಣದ ಗೋಡೆಯ ಅಂಚಿನಲ್ಲಿ, ಎತ್ತರದ ಆಳೊಬ್ಬ ಕೈ ಊರುವ ಜಾಗದಲ್ಲಿ, ಅಂಗೈ ಅಗಲದ ಒಂದು ನುಣುಪಾದ ಕಪ್ಪು ಕಲೆ ಇತ್ತು. ಬಸ್ಸು ನಿಲ್ಲದೆ ಹೋಯಿತು.

“ಓಯ್ತು” ಅಂದಳು ಮರಮ್ಮ. “ಪಿರಿಯಾಪಟ್ಣದ್ದು ಇರ್ಬೇಕು.”

“ಅಯ್ಯೋ, ನಂದೇ ಅದು!” ಎಂದು ಹಾಲು ಕೊಡುತ್ತಿದ್ದ ಹೆಂಗಸು ಎದ್ದು, ಮತ್ತೆ ಕೂತಳು.

ಸುನಂದಮ್ಮ ಕೇಳಿದರು: “ಎದ್ದೋಗಿ ನೋಡಬಾರ್ದಾ? ಅವರು ಓಗಿ ವರ್ಷಾಗ್ತಾ ಬಂತು. ಇನ್ನೂ ಹಿಂಗೇ ಕೂತಿರ್ತೀರಾ?”

“ನೋಡ್ಬೇಕು ಅಂತ್ಲೇ ಇರ್ತೀವಿ ಕಣವ್ವ. ಸದ್ದು ಕೇಳ್ತಿದ್ದಂಗೆ ಮಾಜಣ್ಣ ಕೂಗ್ತಾರೆ ಅಂತ ಕತ್ತು ತಿರುಗ್ತದೆ. ಅವ್ರಿಲ್ಲ ಅಂತ ನೆಪ್ಪಾಗೋ ಒತ್ಗೆ ಬಸ್ಸು ಓಗಿರ್ತದೆ.” ಮರಮ್ಮ ನಕ್ಕಳು. ಉಳಿದವರೂ ನಕ್ಕರು. “ಏನ್ ಮನ್ಸ ತಾಯಿ! ಕೂಗದು ನೋಡುದ್ರೆ ಗೌರ್ಮೆಂಟ್ ಬಸ್ಸೆಲ್ಲ ಅವರ ಮನೇವೇ ಅನ್ಬೇಕು.”

ಸುನಂದಮ್ಮನ ಮುಖ ಬಿಗಿಯಲಿಲ್ಲ. ಈ ನಗು ಯಾವುದೆಂದು ಆಕೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ತವರಿನ ಮದುವೆಮನೆಗಳಲ್ಲಿ ಕೇಳಿದ ನಗು ಇದಲ್ಲ. ಮರಮ್ಮ ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಮತ್ತೊಂದು ಸದ್ದು. ಮತ್ತೆ ಕತ್ತುಗಳು ಎಡಕ್ಕೆ ತಿರುಗಿದವು.

ಸುನಂದಮ್ಮ ಎದ್ದರು. ಕೊಡೆ ಹಿಡಿದು ಮೂಲೆಗೆ ಹೋದರು. ರಸ್ತೆ ನೋಡಿ, ಕೈ ಎತ್ತಿ, ಒಳಕ್ಕೆ ತಿರುಗಿ ಬಾಯಿ ತೆರೆದರು. ದೊಡ್ಡ ಮನೆಯ ಹೆಂಗಸು, ರಸ್ತೆಯಲ್ಲಿ ಕೂಗಿ ಅಭ್ಯಾಸವಿಲ್ಲ.

“ಬಂತು” ಅಂದರು ಮೆಲ್ಲಗೆ.

“ಯಾವ್ ಊರ್ದು ಅಂತ ಏಳವ್ವೋ!” ಎಂದು ಒಳಗಿನಿಂದ ಮರಮ್ಮ ಕಿರುಚಿದಳು.

“ಕೋಟೆ! ಕೋಟೆ ಬಂತು, ಬನ್ರವ್ವಾ!”

ಬಸ್ಸು ಕೀರಲು ಸದ್ದು ಮಾಡಿ ನಿಂತಿತು. ಮರಮ್ಮ ಹತ್ತುವಾಗ ತಿರುಗಿ, “ದನಿ ಪರ್ವಾಗಿಲ್ಲ” ಎಂದು ಪ್ರಮಾಣಪತ್ರ ಕೊಟ್ಟು ಹೋದಳು.

ಬಸ್ಸಿನ ಹಿಂದೆಯೇ ಉದ್ಘಾಟಕರ ಕಾರು ಬಂದು ನಿಂತಿತು. ಮಳೆ ತೆಳ್ಳಗಾಗಿತ್ತು. ಶಿವಶಂಕರ್ ಹಾರ ಹಿಡಿದು ಓಡಿದರು. ಆಮೇಲೆ ಅರಿಶಿನ ಕುಂಕುಮ ಹಚ್ಚಿದ ಗುದ್ದಲಿ ತಂದು, “ಅಮ್ಮಾ, ಮುಹೂರ್ತ ಮೀರ್ತಾ ಇದೆ. ಸಾಹೇಬ್ರಿಗೆ ಇನ್ನೂ ನಾಲ್ಕು ಕಾರ್ಯಕ್ರಮ ಅವೆ. ಒಂದೇಟು ಹಾಕ್ಬುಡಿ” ಎಂದು ಮುಂದೆ ಚಾಚಿದರು.

ಸುನಂದಮ್ಮ ಗುದ್ದಲಿ ತೆಗೆದುಕೊಳ್ಳಲಿಲ್ಲ. ಒಂದು ಕೈಯಲ್ಲಿ ಕೊಡೆ ಇತ್ತು. ಇನ್ನೊಂದು ಗೋಡೆಯ ಮೂಲೆಯ ಮೇಲಿತ್ತು, ಕಲೆಗಿಂತ ಒಂದು ಮೊಳ ಕೆಳಗೆ.

“ಕೆಡವದು ಬ್ಯಾಡ ಶಿವಶಂಕ್ರ.”

“ಅಮ್ಮಾ! ನೀವೇ ಅಲ್ವಾ ಹೇಳಿದ್ದು? ಜೆಸಿಬಿ ಬಂದದೆ, ಸಾಹೇಬ್ರು ಬಂದವ್ರೆ…”

“ಹೇಳಿದ್ದೆ. ಈಗ ಬ್ಯಾಡ ಅಂತೀನಿ.”

“ಹೊಸದು ಕಟ್ತೀವಲ್ಲ. ರಸ್ತೆಗೇ ಮುಖ. ಬಸ್ ಬರೋದು ಬೋರ್ಡಲ್ಲೇ ಕಾಣ್ತದೆ, ಯಾರೂ ಕೂಗೋ ಹಂಗೇ ಇರಲ್ಲ.”

“ಅದುಕ್ಕೇ ಬ್ಯಾಡ ಅಂದಿದ್ದು. ಕೆಡವ್ಬುಟ್ರೆ ನಾನೆಲ್ಲಿ ನಿಂತ್ಕೊಳ್ಳಲಿ?”

ಶಿವಶಂಕರ್ ಗುದ್ದಲಿಯನ್ನು ನೋಡಿದರು, ಉದ್ಘಾಟಕರನ್ನು ನೋಡಿದರು. ಉದ್ಘಾಟಕರು ಅನುಭವಿಗಳು. ಮೈಕು ತೆಗೆದುಕೊಂಡು, ಹಳೆಯದನ್ನು ಉಳಿಸಿಕೊಳ್ಳುವ ಮಹತ್ವದ ಬಗ್ಗೆ, ಅದಕ್ಕೆಂದೇ ಬಂದವರಂತೆ ಬಹಳ ಚೆನ್ನಾಗಿ ಮಾತಾಡಿದರು. ಜೆಸಿಬಿ ಹಾರ ಹಾಕಿಕೊಂಡೇ ಹಿಂದಿರುಗಿತು.

ಪ್ರತಿಮೆಯನ್ನು ಮಾತ್ರ ವಾಪಸು ಒಯ್ಯಲಾಗಲಿಲ್ಲ. ಅದನ್ನು ತಂಗುದಾಣದ ಮೂಲೆಯ ಪಕ್ಕ, ರಸ್ತೆಗೆ ಮುಖಮಾಡಿ ನಿಲ್ಲಿಸಿದರು. ನಾಯಕರೆಂದರೆ ಹೀಗೇ ಇರಬೇಕೆಂದು ಶಿಲ್ಪಿ ಅದರ ಬಲಗೈಯನ್ನು ಮೇಲಕ್ಕೆತ್ತಿಸಿದ್ದಾನೆ, ನಾಡಿನ ಭವಿಷ್ಯವನ್ನು ತೋರಿಸುವ ಹಾಗೆ. ಬೂರುಗದ ಗೇಟಿನಲ್ಲಿ ಕೈ ಎತ್ತಿ ನಿಂತವರು ಭವಿಷ್ಯ ತೋರಿಸುತ್ತಿದ್ದಾರೆಂದು ಯಾವ ಡ್ರೈವರೂ ತಿಳಿಯುವುದಿಲ್ಲ. ಈ ದಾರಿಗೆ ಹೊಸದಾಗಿ ಬಂದವರು ತಪ್ಪದೆ ಬ್ರೇಕ್ ಹಾಕುತ್ತಾರೆ. ಕಲ್ಲಿನ ಮೇಲಿನ ‘ಮಾಜಿ’ ಹಾಗೇ ಇದೆ. ಹೊಸ ಕಲ್ಲು ಬೇಡವೆಂದು ಸುನಂದಮ್ಮನೇ ಹೇಳಿದರು.

ಹೋದ ವಾರ ನಾನು ಮೈಸೂರಿಗೆ ಹೊರಟು ಅಲ್ಲಿ ಕೂತಿದ್ದೆ. ಪ್ರತಿಮೆಯ ಪಕ್ಕ ಕೊಡೆ ಹಿಡಿದು ಸುನಂದಮ್ಮ ನಿಂತಿದ್ದರು. ಈಗ ಕೊಡೆ ಮುಖದ ಮುಂದೆ ಇರುವುದಿಲ್ಲ. ಗಂಡನ ಹಾಗೆ ಎರಡು ಹೊತ್ತೂ ನಿಲ್ಲುವ ಶಕ್ತಿ ಇಲ್ಲ. ಬೆಳಗಿನ ಬಸ್ಸುಗಳು ಮಾತ್ರ. ಹುಣಸೂರು ಬಂತು, ಪಿರಿಯಾಪಟ್ಟಣ ಬಂತು, ಹೆಂಗಸರು ಹತ್ತಿಹೋದರು. ಆಮೇಲೆ ಕೆ.ಆರ್. ನಗರದ ಬಸ್ಸು ತಿರುವಿನಲ್ಲಿ ಕಂಡಿತು. ಸುನಂದಮ್ಮ ಸೆರಗು ಸರಿಮಾಡಿಕೊಂಡರು. ಆ ಊರು ಆಕೆಗೆ ತವರು. ಏನೆಂದು ಕೂಗುತ್ತಾರೆಂದು ಒಳಗಿದ್ದ ಹೆಂಗಸರು ಆಗಲೇ ಸೆರಗನ್ನು ಬಾಯಿಗೆ ತಂದುಕೊಂಡು ಕಾಯುತ್ತಿದ್ದರು.

“ಮಾವನ ಮನೆ ಬಸ್ ಬಂತು” ಎಂದು ಸುನಂದಮ್ಮ ಕೂಗಿದರು. “ಬನ್ರವ್ವಾ!”